ಮುಟ್ಟಬ್ಯಾಡ್ರಿ, ಕರೆಂಟೈತೆ

ನನಗೆ ಮೊದಲಿನಿಂದಲೂ ಬಾಯಿ ಜೋರು. ಅತ್ತೆ ಇದ್ದಾಗಲೂ ಹಾಗೇ, ಸೊಸೆ ಬಂದ ಮೇಲೂ ಹಾಗೇ. ದೇವಸಮುದ್ರದಲ್ಲಿ ಯಾರನ್ನು ಕೇಳಿದರೂ ನಾಗರತ್ನನ ಬಾಯಿಗೆ ಮಾತ್ರ ಬೀಳಬೇಡಿ ಎನ್ನುತ್ತಾರೆ. ಅಂಥ ನನ್ನ ಬಾಯಿ ಕಟ್ಟಿಸಿದ್ದು ಒಂದೇ ಒಂದು ವಸ್ತು. ಅದು ನಮ್ಮನೆಯವರ ಎಡ ಎದೆಯ ಮೇಲೆ, ಹೆಗಲಿನ ಮೂಳೆಯ ಕೆಳಗೆ, ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಉಬ್ಬಿಕೊಂಡು ಕೂತಿದೆ.

ನಮ್ಮನೆಯವರೆಂದರೆ ಕಲ್ಲೇಶಪ್ಪ. ಬೋರಿನ ಮೋಟರ್ ಸುಟ್ಟರೆ ಸುತ್ತಲಿನ ಹಳ್ಳಿಯವರೆಲ್ಲ ಇವರ ವೈಂಡಿಂಗ್ ಅಂಗಡಿಗೇ ಹೊತ್ತು ತರುತ್ತಿದ್ದರು. ಹೋದ ವರ್ಷದಿಂದ ಇವರಿಗೆ ಅಂಗಳ ದಾಟಿದರೆ ಏದುಸಿರು, ಸಂಜೆಯಾದರೆ ಕಾಲು ಬಾತುಕೊಳ್ಳುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿ, ಹೃದಯದ ಸ್ನಾಯು ಸೋತುಹೋಗಿದೆ, ಎಡಭಾಗ ಬಲಭಾಗ ಒಟ್ಟಿಗೆ ಹಿಂಡುತ್ತಿಲ್ಲ, ಮಾತ್ರೆಯೊಂದರಿಂದಲೇ ಆಗುವ ಮಾತಲ್ಲ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಇವರಿಗೆ ತಟ್ಟನೆ ತಿಳಿಯಿತು. ಮೂರು ಫೇಸಿನ ಮೋಟರಿಗೆ ಒಂದು ಫೇಸ್ ಹೋದರೆ ತಿರುಗಲಾರದೆ ಗುಂಯ್‌ಗುಡುತ್ತದಲ್ಲ, ನನ್ನದೂ ಅದೇ ಕತೆಯಾ ಎಂದು ಡಾಕ್ಟರನ್ನೇ ಕೇಳಿದರು. ಡಾಕ್ಟರು ನಕ್ಕು, ಹಾಗೇ ಅಂದುಕೊಳ್ಳಿ ಎಂದರು.

ಎದೆಯ ಚರ್ಮದೊಳಗೆ ಆ ಪೆಟ್ಟಿಗೆ ಇಟ್ಟು, ಅದರಿಂದ ಮೂರು ತಂತಿಗಳನ್ನು ಹೃದಯಕ್ಕೆ ಇಳಿಸಿದರು. ಅದಕ್ಕೆ ಎರಡು ಕೆಲಸ. ಎರಡೂ ಭಾಗ ಜೊತೆಯಾಗಿ ಬಡಿಯುವಂತೆ ಸಣ್ಣಗೆ ಕರೆಂಟು ಕೊಡುತ್ತಿರುವುದು ಒಂದು; ಅದು ಇವರಿಗೆ ಗೊತ್ತೂ ಆಗುವುದಿಲ್ಲ. ಬಡಿತ ದಾರಿ ತಪ್ಪಿ ಹುಚ್ಚೆದ್ದು ಓಡಿದರೆ, ಪ್ರಾಣ ಹೋಗುವುದಕ್ಕೆ ಮುಂಚೆ ಒಳಗಿನಿಂದಲೇ ಒಂದು ಏಟು ಹಾಕಿ ದಾರಿಗೆ ತರುವುದು ಇನ್ನೊಂದು. ಆ ಎರಡನೆಯದರ ಕಡೆ ನಾವು ಯಾರೂ ಗಮನವನ್ನೇ ಕೊಡಲಿಲ್ಲ. ಇವರು ನಡೆಯತೊಡಗಿದರು, ಮುದ್ದೆ ಉಂಡರು, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಗ ಪ್ರದೀಪನಿಗೆ ಬೈಯತೊಡಗಿದರು. ಓಡುವ ಮೋಟರಿನ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅಂಗಡಿ ಪ್ರದೀಪನದಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಮೊದಲನೆಯ ಏಟು ಬಿದ್ದದ್ದು ಬೆಳಗ್ಗೆ, ಜಗಲಿಯ ಮೇಲೆ. ಮೊಮ್ಮಗಳು ತೇಜಶ್ರೀ ಇವರ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಇವರು ಎದೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು, ಮರುಕ್ಷಣ ಯಾರೋ ಹಿಂದಿನಿಂದ ಒದ್ದ ಹಾಗೆ ಮೈ ಎಗರಿತು. ಅವ್ವಾ ಎಂದು ಕೂಗಿದರು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಮಗು ಕೆಳಗೆ ಬಿದ್ದು ಕಿರುಚಿತು. ನಾನು ಓಡಿ ಹೋಗಿ ಇವರನ್ನು ಹಿಡಿಯಬೇಕು ಎನ್ನುವಷ್ಟರಲ್ಲಿ ಪ್ರದೀಪ ಅಡ್ಡ ಬಂದ.

"ಮುಟ್ಟಬ್ಯಾಡವ್ವಾ, ಕರೆಂಟೈತೆ."

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾರ್ಟರಿಗೆ ಕೈ ಅಂಟಿಕೊಂಡವನನ್ನು ಬಿಡಿಸಲು ಹೋಗಿ ಅಣ್ಣತಮ್ಮಂದಿರು ಒಟ್ಟಿಗೆ ಹೋದ ಮನೆಗಳು ಊರೂರಲ್ಲೂ ಇವೆ. ಕರೆಂಟು ಹಿಡಿದವನನ್ನು ಮುಟ್ಟಬಾರದು, ಒಣ ಕೋಲಿನಿಂದ ನೂಕಬೇಕು, ಕಾಲಿಗೆ ರಬ್ಬರ್ ಚಪ್ಪಲಿ ಇರಬೇಕು. ಪ್ರದೀಪನಿಗೆ ಈ ಪಾಠವನ್ನು ಕಲಿಸಿದವರು ಇವರೇ. ಅವನು ಹಿತ್ತಲಿಗೆ ಓಡಿ ಕೋಲು ತಂದು, ಮಗುವನ್ನು ಮಾತ್ರ ಎತ್ತಿಕೊಂಡು, ಅಪ್ಪನನ್ನು ಕೋಲಿನಿಂದ ತಳ್ಳಿ ಗೋಡೆಗೆ ಒರಗಿಸಿದ. ಇನ್ನೊಂದು ಏಟು ಬಿತ್ತು. ನಾವೆಲ್ಲ ಅಂಗಳದಲ್ಲಿ ಗುಂಪುಗಟ್ಟಿ ನಿಂತು ನೋಡಿದೆವು. ಇವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆಂಬುಲೆನ್ಸಿನವನು ಬಂದು ಬರಿಗೈಯಲ್ಲಿ ಇವರನ್ನು ಬಾಚಿ ಎತ್ತಿಕೊಂಡಾಗ, ಇವನಿಗೇನು ತಲೆ ಕೆಟ್ಟಿದೆಯಾ ಎಂದು ನನಗೆ ಅನ್ನಿಸಿತು.

ಬೆಂಗಳೂರಿನಲ್ಲಿ ಹಾಸಿಗೆಯ ಮೇಲೆ ಮತ್ತೆ ಮೇಲಿಂದ ಮೇಲೆ ಏಟು ಬಿದ್ದವು. ಆಗ ಡಾಕ್ಟರು ಬೇರೊಂದು ದೊಡ್ಡ ಮಿಷನ್ನನ್ನು ಪಕ್ಕದಲ್ಲೇ ಸಿದ್ಧ ಇಟ್ಟುಕೊಂಡು, ಬಳೆಯ ಹಾಗಿದ್ದ ಒಂದು ಅಯಸ್ಕಾಂತವನ್ನು ಇವರ ಎದೆಯ ಮೇಲೆ ಇಟ್ಟರು. ಏಟು ನಿಂತವು. ಔಷಧಿ ಹರಿಸಿ ಬಡಿತ ಹದಕ್ಕೆ ಬಂದ ಮೇಲೆ ಅಯಸ್ಕಾಂತವನ್ನು ತೆಗೆದರು. ಅದು ಎದೆಯ ಮೇಲಿರುವಷ್ಟು ಹೊತ್ತು ಪೆಟ್ಟಿಗೆ ಹೊಡೆಯುವುದಿಲ್ಲ, ಆದರೆ ಕಾಯುವುದೂ ಇಲ್ಲ, ನಾವು ಪಕ್ಕದಲ್ಲಿದ್ದಾಗ ಮಾತ್ರ ಹಾಗೆ ಮಾಡುವುದು, ಮನೆಯಲ್ಲಿ ಅಂಥದ್ದನ್ನು ಹತ್ತಿರ ಸೇರಿಸಬೇಡಿ ಎಂದು ಬಿಡಿಸಿ ಹೇಳಿದರು. ಏಟು ಬಿದ್ದಾಗ ಇವರನ್ನು ಹಿಡಿದುಕೊಂಡವರಿಗೆ ಏನೂ ಆಗುವುದಿಲ್ಲ ಎಂದೂ ಹೇಳಿದರು. ನಾನು, ಪ್ರದೀಪ, ಸೊಸೆ ದಿವ್ಯಾ, ಮೂವರೂ ತಲೆಯಾಡಿಸಿದೆವು. ನಂಬಿದವರು ಒಬ್ಬರೂ ಇಲ್ಲ. ಕರೆಂಟಿಗೆ ನಮ್ಮವರು ಬೇರೆಯವರು ಅಂತ ಗೊತ್ತಾಗುತ್ತದೆಯೇ?

ಮನೆಗೆ ಬಂದ ಮೇಲೆ ಭಯ ನಮ್ಮ ಜೊತೆ ಸಂಸಾರ ಮಾಡತೊಡಗಿತು. ಇವರಿಗೆ ಮರದ ಮಂಚ ಹಾಕಿಸಿದೆವು, ಕೆಳಗೆ ಅಂಗಡಿಯ ರಬ್ಬರ್ ಮ್ಯಾಟು ಹಾಸಿದೆವು. ದಿವ್ಯಾ ಮಗುವನ್ನು ಆ ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. ನಾನು ಮಾತ್ರೆ ಕೊಟ್ಟೆ, ಊಟ ಕೊಟ್ಟೆ, ಬಿಸಿನೀರು ಕೊಟ್ಟೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಕೊಡುವಾಗ ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹೊಸ್ತಿಲೊಳಗೆ ಚಪ್ಪಲಿ ತಂದವರ ಮಾನ ಕಳೆಯುತ್ತಿದ್ದವಳು ನಾನೇ. ಇವರು ಹಗಲೆಲ್ಲ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದರು. ಬೀದಿಯಲ್ಲಿ ಹಾರ್ನ್ ಹೊಡೆದರೂ ಬೆಚ್ಚಿ ಎದೆ ಮುಟ್ಟಿಕೊಳ್ಳುತ್ತಿದ್ದರು. ಏಟು ಬಿದ್ದದ್ದಕ್ಕಿಂತ ಬೀಳಬಹುದು ಎನ್ನುವುದೇ ಇವರನ್ನು ತಿಂದು ಹಾಕುತ್ತಿತ್ತು.

ಹಾಗೇ ಇದ್ದವರು ಇದ್ದಕ್ಕಿದ್ದಂತೆ ಹಗುರಾದರು. ಮಂಚದ ಅಂಚು ಬಿಟ್ಟರು, ಅಂಗಡಿಯ ತನಕ ಹೋಗಿ ಬಂದರು, ಗೊರಕೆ ಹೊಡೆಯುವಷ್ಟು ನಿದ್ದೆ ಮಾಡಿದರು. ಸಂತೆಗೆ ಹೋಗುವ ಗಂಡಸರು ತೊಡುವ ಒಳಜೇಬಿನ ಬಟ್ಟೆಬನಿಯನ್ನನ್ನು ಹೊಲಿಸಿಕೊಂಡು ಹಗಲೂ ಇರುಳೂ ಅದನ್ನೇ ತೊಟ್ಟರು, ಒಗೆಯಲು ಕೇಳಿದರೆ ತಾವೇ ಒಗೆದುಕೊಂಡರು. ನಾನು ಅದೊಂದು ಹೊಸ ಹಟವೆಂದುಕೊಂಡೆ. ಗಂಡ ನಗುತ್ತಿರುವಾಗ ಬನಿಯನ್ನಿನ ಪಂಚಾಯಿತಿ ಯಾರಿಗೆ ಬೇಕು?

ಮೊನ್ನೆ ಬುಧವಾರ ಚಳ್ಳಕೆರೆಯ ಡಾಕ್ಟರಿಗೆ ತೋರಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದೆವು. ರಾಂಪುರದಲ್ಲಿ ಇಳಿದು ಆಟೊ ಹಿಡಿಯಬೇಕು. ಮಧ್ಯಾಹ್ನದ ಬಿಸಿಲು, ಬಸ್ಸು ತುಂಬಾ ಜನ. ಇಬ್ಬರು ಕೂರುವ ಸೀಟಿನಲ್ಲಿ ಇವರು ಕಿಟಕಿಯ ಪಕ್ಕ, ನಾನು ಈಚೆಗೆ, ನಡುವೆ ಕೈಚೀಲ. ಹಿಂದಿನ ಸೀಟಿನಲ್ಲಿ ನಮ್ಮೂರಿನ ಕುರಿಯ ಗಾದ್ರಪ್ಪ ಇದ್ದ. ತಳಕು ದಾಟಿದ ಮೇಲೆ ರಸ್ತೆಗೆ ಅಡ್ಡ ಕುರಿಮಂದೆ ನುಗ್ಗಿತು. ಡ್ರೈವರು ಬ್ರೇಕ್ ಹಾಕಿದ ರಭಸಕ್ಕೆ ನಾನು ಇವರ ಎದೆಯ ಮೇಲೆ ಹೋಗಿ ಬಿದ್ದೆ.

ಎಷ್ಟೋ ತಿಂಗಳ ಮೇಲೆ ಮುಟ್ಟಿದ್ದು. ಹೆದರಿ ಕೈ ಎಳೆದುಕೊಂಡರೆ ಬರಲಿಲ್ಲ. ನಾನು ಬಳೆಗೆ ಯಾವಾಗಲೂ ಪಿನ್ನುಗಳ ಗೊಂಚಲು ಸಿಕ್ಕಿಸಿಕೊಂಡಿರುತ್ತೇನೆ, ಸೆರಗಿಗೋ ಲಂಗದ ಲಾಡಿ ಪೋಣಿಸುವುದಕ್ಕೋ ಬೇಕಾಗುತ್ತದೆ. ಆ ಪಿನ್ನುಗಳು ಇವರ ಅಂಗಿಯ ಮೇಲೆ, ಸರಿಯಾಗಿ ಪೆಟ್ಟಿಗೆಯ ಜಾಗದಲ್ಲಿ, ಕಚ್ಚಿಕೊಂಡಿದ್ದವು. ಕಿತ್ತರೆ ಬಂದವು, ಬಿಟ್ಟರೆ ಮತ್ತೆ ಹೋಗಿ ಅಂಟಿದವು. ವೈಂಡಿಂಗ್ ಅಂಗಡಿಯವರ ಹೆಂಡತಿ ನಾನು. ಕೆಳಗೆ ಬಿದ್ದ ಸ್ಕ್ರೂ ಹೆಕ್ಕಲು ಹಳೆಯ ಸ್ಪೀಕರಿನಿಂದ ಬಿಚ್ಚಿಟ್ಟುಕೊಂಡ ದಪ್ಪ ಅಯಸ್ಕಾಂತ ಅಂಗಡಿಯ ಮೇಜಿನ ಮೇಲಿರುತ್ತಿತ್ತು. ಅದು ಎಲ್ಲಿಗೆ ಹೋಯಿತು ಎಂದು ಪ್ರದೀಪ ಒಂದು ದಿನ ಹುಡುಕಿದ್ದೂ ನೆನಪಾಯಿತು.

"ಏನ್ರಿ ಇದು? ಎಷ್ಟು ದಿನದಿಂದ ಇಟ್ಕಂಡೀರಿ?"

ಇವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಬಿಡಲಿಲ್ಲ. ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವೇ, ಮನೆಯವರ ತಲೆ ಮೇಲೆ ಕಲ್ಲು ಹಾಕಲು ಹೊರಟಿದ್ದೀರಾ, ಅಷ್ಟೊಂದು ಪಾಡುಪಟ್ಟು ಇಟ್ಟ ಪೆಟ್ಟಿಗೆಯನ್ನು ಮಲಗಿಸಿಕೊಂಡು ತಿರುಗುತ್ತೀರಲ್ಲ, ನಿದ್ದೆಯಲ್ಲಿ ಹೋಗಿಬಿಟ್ಟಿದ್ದರೆ ನಾನು ಯಾರನ್ನು ಕೇಳಬೇಕಿತ್ತು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮುಂದಿನ ಸೀಟಿನವರು ಹಿಂದಿರುಗಿ ನೋಡಿದರು. ನೋಡಲಿ. ಜೇಬಿಗೆ ಕೈ ಹಾಕಲು ಹೋದೆ. ಇವರು ನನ್ನ ಮಣಿಕಟ್ಟು ಹಿಡಿದು ತಡೆದರು.

"ಸತ್ರೆ ಸಾಯ್ತೀನಿ ರತ್ನಾ. ಆ ಏಟು ಬ್ಯಾಡ."

ಏಟು ಒಂದು ಗಳಿಗೆ ಬಿದ್ದು ಹೋಗುತ್ತದೆ, ಪ್ರಾಣ ಉಳಿಯುತ್ತದಲ್ಲ ಎಂದೆ. ಆಗ ಇವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಏಟು ಬಿದ್ದಾಗ ನೀವೆಲ್ಲಾ ದೂರ ನಿಂತ್ಕಂಡು ನೋಡ್ತಿದ್ರಿ. ಮಗ ಕೋಲಾಗೆ ತಳ್ಳಿದ. ನೀನು ಚಪ್ಪಲಿ ಹಾಕ್ಕಂಡು ನಂಗೆ ಉಣ್ಣಾಕಿಕ್ಕಿದೆ. ಇನ್ನೊಂದ್ಸಲ ಹಂಗೆ ಒಬ್ನೇ ಬಿದ್ಕಂಡು ನಿಮ್ಮ ಮಕ ನೋಡಾಕೆ ನನ್ ಕೈಲಾಗಲ್ಲ."

ನನ್ನ ಕಾಲಲ್ಲಿ ಆಗಲೂ ಅವೇ ಚಪ್ಪಲಿಗಳಿದ್ದವು. ಉತ್ತರ ಇಲ್ಲದಿದ್ದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಜಾತಕ. ನಿಮ್ಮ ಜೀವ ಹೋದರೆ ನಿಮ್ಮ ಬೇಜಾರನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಇನ್ನೂ ಜೋರಾಗಿ ಅಂದೆ. ಇವರ ಉಸಿರು ಜೋರಾಯಿತು. ಹಣೆಯ ಮೇಲೆ ಬೆವರು ಒಡೆಯಿತು. ನನ್ನ ಮಣಿಕಟ್ಟು ಹಿಡಿದಿದ್ದ ಬೆರಳುಗಳು ಸಡಿಲವಾದವು. ರತ್ನಾ ಎಂದರು, ಅಷ್ಟೇ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ತಲೆ ಕಿಟಕಿಯ ಸರಳಿಗೆ ಬಡಿಯಿತು.

ನಾನು ಕೂಗಿದ್ದು ನನಗೆ ಕೇಳಿಸಲಿಲ್ಲ. ಅಂಗಿಯ ಗುಂಡಿ ಕಿತ್ತು ಕೈ ಒಳಗೆ ಹಾಕಿದೆ. ಒಳಜೇಬನ್ನು ಪೆಟ್ಟಿಗೆಯ ಮೇಲಕ್ಕೇ ಬರುವಂತೆ ಎತ್ತರಕ್ಕೆ ಹೊಲಿಸಿಕೊಂಡು, ಬಾಯಿಗೆ ದಾರ ಹಾಕಿ ಮುಚ್ಚಿದ್ದರು. ಹಲ್ಲಿನಿಂದ ದಾರ ಹರಿದು, ಕಪ್ಪಗೆ ಭಾರವಾಗಿದ್ದ ಅಯಸ್ಕಾಂತವನ್ನು ಎಳೆದುಕೊಂಡೆ. ಹಿಂದಿನಿಂದ ಗಾದ್ರಪ್ಪ ಎದ್ದು ನಿಂತ. ನಮ್ಮ ಜಗಲಿಯ ಮೇಲೆ ನಡೆದದ್ದನ್ನು ಅಂಗಳದಿಂದ ನೋಡಿದವರಲ್ಲಿ ಅವನೂ ಒಬ್ಬ. ಅಕ್ಕಾ ಬಿಡು, ಕರೆಂಟ್ ಹೊಡೀತೈತೆ, ಆ ಯಪ್ಪನ ಎದೆಯಾಗೆ ಕರೆಂಟೈತೆ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಅಷ್ಟೇ ಸಾಕಾಯಿತು. ಸುತ್ತಲಿನ ಸೀಟುಗಳು ಖಾಲಿಯಾದವು. ಅಷ್ಟು ಗಿಜಿಗುಡುತ್ತಿದ್ದ ಬಸ್ಸಿನಲ್ಲಿ ನಮ್ಮಿಬ್ಬರ ಸುತ್ತ ಒಂದು ಕಣದಷ್ಟು ಜಾಗವಾಯಿತು.

ನಾನೂ ಬಿಡಬಹುದಿತ್ತು. ಕೈಗಳು ಬಿಡಲು ಸಿದ್ಧವಾಗಿಯೇ ಇದ್ದವು. ಬಿದ್ದರೆ ನನಗೂ ಬೀಳುತ್ತದೆ, ಇಬ್ಬರೂ ಹೋದರೆ ಮನೆಯ ಗತಿಯೇನು ಎಂದು ತಲೆ ಓಡುತ್ತಿತ್ತು. ಆದರೆ ದೂರ ನಿಂತು ನೋಡುತ್ತಿದ್ದಿರಿ ಎಂದು ಇವರು ಅಂದ ಮಾತು ಇನ್ನೂ ಬಿಸಿಬಿಸಿಯಾಗಿತ್ತು. ಎರಡೂ ತೋಳು ಹಾಕಿ ತಬ್ಬಿಕೊಂಡೆ. ಇವರ ಕತ್ತು ನನ್ನ ಹೆಗಲ ಮೇಲೆ ಸತ್ತ ಕೋಳಿಯ ಹಾಗೆ ಜೋತುಬಿತ್ತು. ಏಟು ಬೀಳಲಿಲ್ಲ. ಪೆಟ್ಟಿಗೆ ಎದ್ದಿತೋ ಇಲ್ಲವೋ, ಇಷ್ಟು ದಿನ ಮಲಗಿಸಿದ್ದಕ್ಕೆ ಕೆಟ್ಟೇ ಹೋಯಿತೋ ಯಾರಿಗೆ ಗೊತ್ತು. ಇಷ್ಟು ತಿಂಗಳು ಯಾವುದು ಬರಬಾರದು ಎಂದು ದೇವರಿಗೆ ಕೈ ಮುಗಿದೆನೋ ಅದೇ ಬರಲಿ, ಹೊಡಿ, ಹೊಡಿಯೋ ಮಾರಾಯ ಎಂದು ಆ ಪೆಟ್ಟಿಗೆಯನ್ನು ಬೇಡಿಕೊಂಡೆ.

ಹೊಡೆಯಿತು. ಇವರ ಇಡೀ ಮೈ ನನ್ನ ತೋಳಿನೊಳಗೆ ಒಮ್ಮೆ ಕುಪ್ಪಳಿಸಿತು. ನನ್ನ ಅಂಗೈಗೆ ಇರುವೆ ಕಡಿದಂತಾಯಿತು. ಅಷ್ಟೇ. ಇರುವೆ. ಒಂದು ಇರುವೆಗೆ ಹೆದರಿ ನಾವು ಒಬ್ಬ ಮನುಷ್ಯನನ್ನು ಕೋಲಿನಿಂದ ತಳ್ಳಿದ್ದೆವು. ಅಳು ಬಂತು, ಆದರೆ ಅಳಲು ಪುರುಸೊತ್ತು ಸಿಗಲಿಲ್ಲ. ಇವರು ಉಸಿರು ಎಳೆದುಕೊಂಡು ಕಣ್ಣು ಬಿಟ್ಟರು, ಮುಖಕ್ಕೆ ಬಣ್ಣ ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಎದೆ ಹಿಡಿದುಕೊಂಡರು. ಈ ಸಲ ಎಚ್ಚರ ತಪ್ಪಲಿಲ್ಲ. ಅದೇ ಘೋರ.

"ಬರ್ತೈತೆ ರತ್ನಾ, ಮತ್ತೆ ಬರ್ತೈತೆ. ಅದನ್ನ ಕೊಡು. ನಿನ್ ಕಾಲು ಹಿಡೀತೀನಿ, ಕೊಡು."

ಅಯಸ್ಕಾಂತ ನನ್ನ ಮುಷ್ಟಿಯಲ್ಲಿತ್ತು. ಇವರು ಅಳುತ್ತಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತಿದ್ದರು. ಮದುವೆಯಾದಾಗಿನಿಂದ ಇವರು ನನ್ನ ಹತ್ತಿರ ಏನನ್ನೂ ಹೀಗೆ ಬೇಡಿದವರಲ್ಲ. ಕೊಟ್ಟುಬಿಡೋಣ ಎನ್ನಿಸಿತು. ಅಷ್ಟು ಸಂಕಟ ಆಗುವುದು ಕಂಡರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಕೈಯನ್ನು ಕಿಟಕಿಯಾಚೆಗೆ ಚಾಚಿ ಅದನ್ನು ಬಿಸಾಡಿದೆ. ಇವರ ಬಾಯಿಂದ ಬಂದ ಶಬ್ದವನ್ನು ನಾನು ಹೇಳುವುದಿಲ್ಲ.

"ನಾನು ಹಿಡ್ಕಂಡೀನಿ. ಬೀಳಲಿ. ಬಿಡಲ್ಲ ನಾನು."

ಬಿತ್ತು. ಇವರು ಅವ್ವಾ ಎಂದು ಕೂಗಿ ನನ್ನ ಭುಜವನ್ನು ಕಚ್ಚಿದರು. ನಾನು ಬಿಡಲಿಲ್ಲ. ಗಾದ್ರಪ್ಪ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ, ನಾನು ಯಾವಾಗ ಬೀಳುತ್ತೇನೋ ಎಂದು. ಏನು ನೋಡ್ತೀಯೋ, ಕಾಲು ಹಿಡ್ಕಂಡು ಸೀಟಿನ ಮ್ಯಾಲೆ ಮಲಗಿಸು ಎಂದು ಗದರಿದೆ. ಅವನು ಒಮ್ಮೆ ಹೆಗಲ ಮೇಲಿನ ಕಂಬಳಿ ಮುಟ್ಟಿಕೊಂಡ, ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ಕಣ್ಣು ಮುಚ್ಚಿಕೊಂಡು ಇವರ ಕಾಲು ಹಿಡಿದ. ಕಂಡಕ್ಟರು ಡ್ರೈವರಿಗೆ ಏನೋ ಹೇಳಿದ. ಬಸ್ಸು ಬಳ್ಳಾರಿಯ ದಾರಿ ಬಿಟ್ಟು ಮೊಳಕಾಲ್ಮೂರಿನ ಕಡೆ ತಿರುಗಿತು. ಯಾರೂ ತಕರಾರು ಮಾಡಲಿಲ್ಲ.

ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ, ಎದೆಗೆ ವೈರು ಅಂಟಿಸಿ, ಪರದೆಯ ಮೇಲೆ ಗೆರೆ ಓಡಿಸಿದರು. ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ ಇಂಜೆಕ್ಷನ್ ಕೊಟ್ಟರು. ಪೆಟ್ಟಿಗೆ ತನ್ನ ಕೆಲಸ ಮಾಡಿದೆ, ಇಲ್ಲದಿದ್ದರೆ ಇವರು ಬಸ್ಸಿನಲ್ಲೇ ಹೋಗಿರುತ್ತಿದ್ದರು ಎಂದು ಇಲ್ಲಿನ ಡಾಕ್ಟರಮ್ಮ ಹೇಳಿದರು. ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ, ಮತ್ತೆ ಹೊಡೆಯಬಹುದು, ದೊಡ್ಡ ಆಸ್ಪತ್ರೆಗೆ ಕಳಿಸಲು ಆಂಬುಲೆನ್ಸ್ ಬರುತ್ತಿದೆ ಎಂದೂ ಹೇಳಿದರು. ನಾನು ಮಂಚದ ಮೇಲೆಯೇ ಕೂತು ಇವರ ಕೈ ಹಿಡಿದುಕೊಂಡೆ. ಅಯಸ್ಕಾಂತವನ್ನು ಬಿಸಾಡಿದ್ದಕ್ಕೆ ಇವರಿಗೆ ಇನ್ನೂ ಕೋಪವಿತ್ತು. ಕೋಪದಲ್ಲೇ ನನ್ನ ಕೈಯನ್ನು ಹಿಂಡುತ್ತಿದ್ದರು, ಬೆರಳು ನೋಯುವಷ್ಟು.

ಪ್ರದೀಪ ಬೈಕಿನಲ್ಲಿ ಓಡಿ ಬಂದ. ಕೈಯಲ್ಲಿ ಮೋಟರಿಗೆ ಬಳಿಯುವ ವಾರ್ನಿಶಿನ ಕಲೆ ಹಾಗೇ ಇತ್ತು. ಬಾಗಿಲವರೆಗೆ ಬಂದವನು ನಾನು ಕೂತಿರುವುದನ್ನು ನೋಡಿ ಅಲ್ಲೇ ನಿಂತ. ಇವರು ಕಣ್ಣು ತೆರೆದು ಮಗನನ್ನು ನೋಡಿ ಮತ್ತೆ ಮುಚ್ಚಿಕೊಂಡರು. ಅದನ್ನು ಅವನೂ ನೋಡಿದ. ಬಸ್ಸಿನಲ್ಲಿ ಆದದ್ದನ್ನು ಚುಟುಕಾಗಿ ಹೇಳಿದೆ. ಅಂಗೈ ತೋರಿಸಿದೆ, ಏನೂ ಆಗಿಲ್ಲ ಎಂದೆ. ಅವನು ಅಂಗೈಯನ್ನು ನೋಡಿದನೇ ಹೊರತು ಹತ್ತಿರ ಬರಲಿಲ್ಲ. ಕರೆಂಟಿನ ಜೊತೆ ದಿನಾ ಕೆಲಸ ಮಾಡುವವನು, ಅವನನ್ನೂ ದೂರುವಂತಿಲ್ಲ.

"ನಿಂಗೆ ಭಯ ಆಗಲಿಲ್ವೇನವ್ವಾ?"

"ಆಗ್ತಾ ಐತೆ ಕಣಪ್ಪ. ಈಗ್ಲೂ ಆಗ್ತಾ ಐತೆ. ಬಾ, ಕೂತ್ಕ."

ಬಂದ. ಮಂಚದ ಕೊನೆಯಲ್ಲಿ ಅರ್ಧ ಕೂತ, ಅರ್ಧ ನಿಂತ. ಎಲ್ಲಿ ಮುಟ್ಟಬೇಕು ಎಂದು ತಿಳಿಯದೆ ಅಪ್ಪನ ಮೊಣಕಾಲಿನ ಕೆಳಗೆ, ಹೊದಿಕೆಯ ಮೇಲೆ, ಕೈ ಇಟ್ಟ. ಇವರು ಕಾಲನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು. ಅವನು ಹೊದಿಕೆ ಸರಿಸಿ ಬರಿಗಾಲಿನ ಮೇಲೆ ಇಟ್ಟ. ಆಗ ಪರದೆಯ ಮೇಲಿನ ಗೆರೆ ಕಿರಿದಾಗಿ, ಒತ್ತೊತ್ತಾಗಿ ಓಡತೊಡಗಿತು. ಮಿಷನ್ನು ಕೂಗಿಕೊಂಡಿತು. ನರ್ಸು ಡಾಕ್ಟರಮ್ಮನನ್ನು ಕರೆಯುತ್ತಾ ಹೊರಗೆ ಓಡಿದಳು. ಇವರ ತುಟಿ ಬಿಳುಚಿತು, ನನ್ನ ಕೈಯನ್ನು ಮುರಿಯುವಂತೆ ಹಿಡಿದುಕೊಂಡು, ಬರ್ತೈತೆ, ಪ್ರದೀಪಾ ಬಿಡೋ, ಬಿಟ್ಟು ದೂರ ಹೋಗೋ ಎಂದರು.

ಪ್ರದೀಪ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಇನ್ನೊಂದು ಕೈಯನ್ನೂ ತಂದು ಅಪ್ಪನ ಕಾಲಿನ ಮೇಲಿಟ್ಟು, ಗಟ್ಟಿಯಾಗಿ ಹಿಡಿದು ಕಾದ.